ಶೆಟ್ಟರ ಫ್ರಿಜ್ಜಿನಲ್ಲಿ ವೃಷಣದ ಪ್ರೋಟೀನು

ಮುಂಬಯಿಯ ಅಂಧೇರಿಯಲ್ಲಿ ಲೋಕಲ್ ರೈಲು ನಿಂತುಬಿಟ್ಟಿತು. ನನ್ನ ಥರ್ಮೋಕೋಲ್ ಡಬ್ಬಿಯಲ್ಲಿ ಐಸ್ ಕರಗುತ್ತಿತ್ತು. ಒಳಗಿದ್ದದ್ದು ನಮ್ಮ ಲ್ಯಾಬಿನ ಗ್ರೋತ್ ಫ್ಯಾಕ್ಟರ್, ಬಿಸಿಯಾದರೆ ಕೆಟ್ಟುಹೋಗುತ್ತದೆ. ಸ್ಟೇಷನ್ ಎದುರಿನ ಉಡುಪಿ ಹೋಟೆಲಿಗೆ ಓಡಿ, ಗಲ್ಲಾದಲ್ಲಿ ಕೂತಿದ್ದ ಶೆಟ್ಟರ ಹತ್ತಿರ ಫ್ರಿಜ್ಜಿನಲ್ಲಿ ಜಾಗ ಕೇಳಿದೆ.

“ಎಂತ ಉಂಟು ಅದರಲ್ಲಿ?”

“ಒಂದು ಪ್ರೋಟೀನು. ಇಲಿಯ ಭ್ರೂಣದಲ್ಲಿ ವೃಷಣ ಬೆಳೆಯಲಿಕ್ಕೆ ಇದು ಬೇಕು.”

ಶೆಟ್ಟರು ಡಬ್ಬಿಯಿಂದ ಕೈ ತೆಗೆದರು. “ನಮ್ಮದು ಪ್ಯೂರ್ ವೆಜ್ ಮಾರಾಯ್ರೆ.”

“ಇಲಿಯಿಂದ ತೆಗೆದದ್ದಲ್ಲ. ಬ್ಯಾಕ್ಟೀರಿಯಾ ಮಾಡಿಕೊಟ್ಟದ್ದು, ಮೊಸರು ಮಾಡುತ್ತದಲ್ಲ, ಹಾಗೆ.”

ಅವರು ಎದ್ದು ಫ್ರಿಜ್ಜಿನ ಬಾಗಿಲು ತೆಗೆದರು. “ಹಾಗಾದ್ರೆ ಮೊಸರಿನ ಪಕ್ಕವೇ ಇಡಿ.”

ಲೋಕಲ್ ಶುರುವಾದ ಮೇಲೆ ಡಬ್ಬಿ ತೆಗೆದುಕೊಂಡರೆ, ಮೇಲೆ ಜೈನರ ಊಟದ ಪಾರ್ಸೆಲ್ಲಿಗೆ ಹಚ್ಚುವ ‘ಜೈನ್’ ಚೀಟಿ ಅಂಟಿಸಿದ್ದರು. ಲ್ಯಾಬಿನಲ್ಲಿ ನಾನದನ್ನು ಕೀಳಲಿಲ್ಲ. ಈರುಳ್ಳಿ, ಬೆಳ್ಳುಳ್ಳಿ ಹಾಕಿಲ್ಲ ಎನ್ನುವುದಂತೂ ನಿಜ.