ಅಣ್ಣನ ನಗೆಮಾತು, ನನ್ನ ಟವೆಲ್ಲು

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಗಣೇಶನನ್ನು ಕೂರಿಸಿದಾಗ, ಸಂಜೆ ಹರಿಕಥೆಗೆ ಮೊದಲಿನ ಅರ್ಧ ಗಂಟೆ ನನ್ನ ಅಣ್ಣನದು. ಮೈಕಿನ ಮುಂದೆ ಒಬ್ಬನೇ ನಿಂತು ಜನರನ್ನು ನಗಿಸುತ್ತಿದ್ದ. ಇದು ಎಪ್ಪತ್ತರ ದಶಕದ ಮಾತು. ಆಗ ನಾವಿಬ್ಬರೂ ಪವರ್‌ಲೂಮ್ ಶೆಡ್ಡಿನಲ್ಲಿ ಅಕ್ಕಪಕ್ಕದ ಮಗ್ಗಗಳಲ್ಲಿ ಸೀರೆ ನೇಯುತ್ತಿದ್ದೆವು.

ಅವನ ಕಥೆಗಳಲ್ಲಿ ಅಂಥ ವಿಶೇಷ ಏನೂ ಇರಲಿಲ್ಲ. ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ, ಸರಿ, ಸ್ವಲ್ಪ ಹೊಟ್ಟೆಕಿಚ್ಚೂ ಇದೆ. ವಿಜಯಪುರದ ಬೀಗರ ಮನೆಗೆ ಹಸಿದುಕೊಂಡು ಹೋದ ಕಥೆಯನ್ನೇ ನೋಡಿ. "ಊಟ ಆಯ್ತಾ ಅಂತ ಕೇಳಿದ್ರು. ಮರ್ಯಾದೆ ನೋಡಿ, ಆಯ್ತು ಅಂದೆ." ಇಷ್ಟು ಹೇಳಿ ಸುಮ್ಮನಾಗುತ್ತಿದ್ದ. ಮುಖದಲ್ಲಿ ಸಾವಿನ ಸುದ್ದಿ ತಂದವನ ಗಾಂಭೀರ್ಯ. ಆಮೇಲೆ ಮೆಲ್ಲಗೆ, "ಅವರು ನಂಬಿಬಿಟ್ರು." ಬೀದಿಯೇ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಇದನ್ನೇ ನಾನು ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ, "ಆಮೇಲೆ ಏನಾಯ್ತು?" ಅಂದಳು.

ಅವನ ಗುಟ್ಟೆಲ್ಲ ಆ ಸುಮ್ಮನಿರುವುದರಲ್ಲಿತ್ತು. ಅದನ್ನು ಅವನು ಕಲಿತದ್ದು ಶೆಡ್ಡಿನಲ್ಲೇ. ಮಗ್ಗಗಳ ಗದ್ದಲದಲ್ಲಿ ಕೂಗಿದರೂ ಕೇಳುವುದಿಲ್ಲ. ತುಟಿ ನೋಡಿ ತಿಳಿಯಬೇಕು. ಒಂದು ಮಾತು ಹೇಳಿ, ಎದುರಿನವನಿಗೆ ಅರ್ಥವಾಯಿತೇ ಎಂದು ಕಾದು, ಮುಂದಿನದನ್ನು ಹೇಳಬೇಕು. ಎಲ್ಲರಿಗೂ ಇದು ಅಭ್ಯಾಸವಿತ್ತು, ಆದರೆ ಅದನ್ನು ವೇದಿಕೆಗೆ ಒಯ್ದವನು ಅವನೊಬ್ಬನೇ.

ಅದೇ ಶೆಡ್ಡು ಅವನ ಕಿವಿಯನ್ನೂ ತಿಂದಿತು. ತುಟಿ ನೋಡಿ ಮಾತಾಡುವ ಜನರ ನಡುವೆ ಅದು ಯಾರಿಗೂ ಗೊತ್ತಾಗಲಿಲ್ಲ. ಆದರೆ ಒಂದು ವರ್ಷ ವೇದಿಕೆಯ ಮೇಲೆ, ಜನ ಇನ್ನೂ ನಗುತ್ತಿರುವಾಗಲೇ ಮುಂದಿನ ಮಾತು ಆಡಿಬಿಟ್ಟ. ಮಾತು ನಗುವಿನಲ್ಲಿ ಮುಳುಗಿತು. ಈ ಸಲ ಸಪ್ಪೆ ಅಂದರು ಜನ.

"ಮೇಲೆ ಲೈಟು, ಕೆಳಗೆ ಕತ್ತಲೆ. ನಗ್ತಿದಾರೋ ಇಲ್ವೋ ಗೊತ್ತೇ ಆಗಲ್ಲ ಕಣೋ," ಅಂದ ಅಣ್ಣ. "ಕಿವುಡ ಅಂತ ಗೊತ್ತಾದ್ರೆ ನನ್ನ ನೋಡೇ ನಗ್ತಾರೆ. ಇನ್ನು ಸ್ಟೇಜು ಹತ್ತಲ್ಲ."

ನನಗೆ ಸಂಕಟವಾಯಿತು. ಅವನಿಗೆ ವರ್ಷಕ್ಕೆ ಇದ್ದದ್ದು ಅದೊಂದೇ ಅರ್ಧ ಗಂಟೆ. ವೇದಿಕೆಯ ಪಕ್ಕದ ಕಂಬದ ಹತ್ತಿರ, ಬೆಳಕಿನಲ್ಲಿ ನಾನು ನಿಲ್ಲುತ್ತೇನೆ ಎಂದೆ. ಟವೆಲ್ಲು ಹೆಗಲ ಮೇಲಿದ್ದರೆ ಜನ ನಗುತ್ತಿದ್ದಾರೆ, ಕೆಳಗೆ ಎಳೆದರೆ ನಗು ನಿಂತಿದೆ, ಮಾತಾಡು. ಒಪ್ಪಿಸುವಷ್ಟರಲ್ಲಿ ಸಾಕಾಯಿತು.

ಮುಂದಿನ ವರ್ಷ ಎಲ್ಲ ಸರಿಯಾಗಿಯೇ ನಡೆಯಿತು, ಬೀಗರ ಕಥೆ ಬರುವವರೆಗೆ. "ಆಯ್ತು ಅಂದೆ," ಎಂದು ನಿಲ್ಲಿಸಿದ. ಕಥೆ ಗೊತ್ತಿದ್ದವರು ಆಗಲೇ ನಕ್ಕರು. ಆ ಮುಖ ನೋಡಿ ನನಗೂ ತಡೆಯಲಾಗಲಿಲ್ಲ. ಕಂಬ ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಂತೆ ನಕ್ಕೆ. ತಲೆ ಎತ್ತಿದಾಗ ಬೀದಿ ಮೌನವಾಗಿತ್ತು. ಟವೆಲ್ಲು ಹೆಗಲ ಮೇಲೇ ಇತ್ತು. ಅಣ್ಣ ನನ್ನನ್ನೇ ನೋಡುತ್ತ ಕಾಯುತ್ತಿದ್ದ. "ಮರ್ತೋಗಿದೆ ಪಾಪ," ಎಂದು ಯಾರೋ ಮುದುಕರು ಪಿಸುಗುಟ್ಟಿದರು. ತಟ್ಟನೆ ಟವೆಲ್ಲು ಎಳೆದೆ.

"ಅವರು ನಂಬಿಬಿಟ್ರು."

ಅಂಥ ನಗುವನ್ನು ನಾನು ಮತ್ತೆ ಕೇಳಿಲ್ಲ.

ಮನೆಗೆ ನಡೆಯುವಾಗ ಅಣ್ಣ ಕೇಳಿದ, "ಆಯ್ತು ಅಂದಾಗ ಅಷ್ಟು ಹೊತ್ತು ನಕ್ರೇನೋ?" ಹೌದು ಎಂದುಬಿಡಬಹುದಿತ್ತು. ಅವನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಬೀದಿ ದೀಪದ ಕೆಳಗೆ ನಿಂತು, ನನ್ನ ತುಟಿ ಕಾಣುವಂತೆ ನಿಧಾನವಾಗಿ ಹೇಳಿದೆ: "ಜನ ಆಗ್ಲೇ ನಿಲ್ಸಿದ್ರು. ನಗ್ತಿದ್ದವನು ನಾನೊಬ್ನೇ. ಟವೆಲ್ ಎಳೆಯೋದು ಮರ್ತೆ."

ಬೈಯುತ್ತಾನೆ ಅಂದುಕೊಂಡೆ.

"ದಿನಾ ಪಕ್ಕದಲ್ಲೇ ಇರೋ ನಿಂಗೇ ಇನ್ನೂ ನಗು ಬರುತ್ತೆ ಅಂದ್ರೆ," ಅಂದ, "ಮುಂದಿನ ವರ್ಷಾನೂ ಹತ್ತಬೋದು ಬಿಡು."