ಇದ್ದಿದ್ದರೆ ಕಾಣಬೇಕಿತ್ತು

ಅಕ್ಕನ ತಲೆಯಲ್ಲಿ ಬಲಗಡೆಯ ಕೂದಲಷ್ಟೇ ಬೆಳ್ಳಗಾಗಿತ್ತು, ಸುಣ್ಣ ಬಳಿಯುವವರು ಯಾರೋ ಕೈ ಒರೆಸಿಕೊಂಡು ಹೋದಂತೆ. ಉಳಿದದ್ದೆಲ್ಲ ಕಪ್ಪು. ಮಗ ಕಾಣೆಯಾದ ವರ್ಷವೇ ಹಾಗಾಯಿತೆಂದು ಅವಳ ಊರಾದ ಶಿರವಾಳದ ಹುಡುಗಿಯರು ಹೇಳುತ್ತಿದ್ದರು.

ಶಹಾಪುರದ ಕಾಲೇಜಿನಲ್ಲಿ ಬಿ.ಎ.ಗೆ ತತ್ವಶಾಸ್ತ್ರ ತೆಗೆದುಕೊಂಡವರು ನಾವು ಕೆಲವೇ ಮಂದಿ. ಬೇರೆ ವಿಷಯ ಸಿಗದೆ ಬಂದವರೇ ಹೆಚ್ಚು. ದೇವಾಪುರದಿಂದ ಬಸ್ಸು ಹಿಡಿದು ಬರುತ್ತಿದ್ದ ನಾನೂ ಹಾಗೆಯೇ. ಕೇಳಿ ತೆಗೆದುಕೊಂಡವಳು, ನಾವೆಲ್ಲ ಅಕ್ಕ ಎನ್ನುತ್ತಿದ್ದ ಅವಳೊಬ್ಬಳೇ. ನಮ್ಮ ತಾಯಂದಿರ ವಯಸ್ಸು ಅವಳದು. ಮದುವೆಗೆ ಮೊದಲು ಪಿಯುಸಿ ಪಾಸಾಗಿದ್ದಳು. ಗಂಡ ಕುರಿ ಸಾಕುತ್ತಿದ್ದ. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಮೊದಲ ರೊಟ್ಟಿ ನನಗೆ. ಬೇಡವೆಂದರೆ, "ಸುಮ್ನ ತಿನ್ನು, ಹೊಟ್ಟಿ ತುಂಬಿದ್ರ ಪಾಠ ತಲಿಗಿ ಹೋಗ್ತದ" ಎಂದು ಗದರಿಸುತ್ತಿದ್ದಳು.

ಈ ವಿಷಯವನ್ನೇ ಯಾಕೆ ಆರಿಸಿದೆ ಎಂದು ಒಮ್ಮೆ ಕೇಳಿದೆ.

"ಇದರಾಗ ಸಾವಿನ ಮಾತು ಬರ್ತದಂತಲ್ಲ. ನನಗ ಅದೊಂದು ತಿಳಕೋಬೇಕಾಗ್ಯದ" ಎಂದಳು.

ಅವಳ ಮಗ ಕುರಿಗಳ ಮೈ ತೊಳೆಯಲು ಕಾಲುವೆಗೆ ಹೋಗಿದ್ದ. ಸೆಳೆತಕ್ಕೆ ಸಿಕ್ಕ ಮರಿಯೊಂದನ್ನು ಹಿಡಿಯಲು ಇಳಿದ. ಮರಿ ದಡಕ್ಕೆ ಬಂತು, ಅವನು ಬರಲಿಲ್ಲ. ಈಜು ಬಲ್ಲವರು ಹುಡುಕಿದರು, ಗೇಟು ಇಳಿಸಿ ನೀರು ನಿಲ್ಲಿಸಿ ನೋಡಿದರು, ಹೆಣ ಸಿಗಲಿಲ್ಲ. ಮನೆಯವರು ತಿಥಿ ಮಾಡಿ ಮುಗಿಸೋಣ ಎಂದರೆ ಅಕ್ಕ ಒಪ್ಪಲಿಲ್ಲ. "ನಾಳಿಗೆ ಅಂವ ಬಂದು ಬಾಗಲ್ದಾಗ ನಿಂತ್ರ ಏನ್ ಹೇಳ್ತೀರಿ?" ಎಂದು ಕೇಳಿದಳಂತೆ. ಆಮೇಲೆ ಯಾರೂ ಆ ಮಾತೆತ್ತಲಿಲ್ಲ.

ನಮ್ಮ ಮೇಷ್ಟ್ರು ಆ ವರ್ಷವಷ್ಟೇ ಯಾದಗಿರಿಯಿಂದ ಬಂದವರು, ಅಕ್ಕನಿಗಿಂತ ಚಿಕ್ಕವರು. ಇದ್ಯಾವುದೂ ಅವರಿಗೆ ಗೊತ್ತಿರಲಿಲ್ಲ. ಒಂದು ದಿನ ಅನುಪಲಬ್ಧಿಯ ಪಾಠ ಶುರುಮಾಡಿದರು. ಖಾಲಿ ಮೇಜನ್ನು ತಟ್ಟಿ ಹೇಳಿದರು: "ಇಲ್ಲಿ ಗಡಿಗಿ ಅದ ಏನು? ಇಲ್ಲ. ಹೆಂಗ ಗೊತ್ತಾತು? ಕಾಣವಲ್ದು, ಅದಕ್ಕ. ಕಾಣದೇ ಇರೋದೂ ಒಂದು ಪ್ರಮಾಣ."

ಅಕ್ಕ ಎದ್ದು ನಿಂತಳು. "ಸರ್, ಕಾಣಲಿಲ್ಲ ಅಂದ್ರ ಇಲ್ಲ ಅಂತಾನೇ ಆಗ್ತದೇನ್ರಿ?"

ಮೇಷ್ಟ್ರಿಗೆ ಖುಷಿಯಾಯಿತು. "ಚಲೋ ಕೇಳಿದ್ರಿ ಅಕ್ಕಾ. ಕತ್ತಲಾಗ ಕಾಣಲಿಲ್ಲಂದ್ರ ಇಲ್ಲ ಅನ್ನಾಕ ಬರಂಗಿಲ್ಲ. ಇದ್ದಿದ್ರ ಕಾಣಲೇಬೇಕು ಅನ್ನೋ ಕಡಿ ನೋಡಬೇಕು. ಅಲ್ಲೂ ಕಾಣಲಿಲ್ಲಂದ್ರ ಇಲ್ಲ."

"ಹಂಗಾದ್ರ ನಾ ಬರಾಬರ್ ನೋಡೇ ಇಲ್ಲ" ಎಂದು ತನಗೆ ತಾನೇ ಹೇಳಿಕೊಂಡು ಅಕ್ಕ ಕೂತಳು.

ಮರುದಿನದಿಂದ ಅವಳು ಕಾಲೇಜಿಗೆ ಬರಲಿಲ್ಲ. ಕಾಲುವೆಯ ಗುಂಟ ಊರೂರು ಕೇಳುತ್ತ ನಡೆಯುತ್ತಿದ್ದಾಳೆ, ಕೊಡೇಕಲ್ ಜಾತ್ರೆಗೆ ಬಂದ ಭಕ್ತರ ನಡುವೆಯೂ ಹುಡುಕಿದಳು ಎಂದು ಸುದ್ದಿ ಬಂತು. ಮೇಷ್ಟ್ರಿಗೆ ಎಲ್ಲವನ್ನೂ ಹೇಳಿದೆ. ಆ ಭಾನುವಾರವೇ ಅವರು ನನ್ನನ್ನು ಕರೆದುಕೊಂಡು ಶಿರವಾಳಕ್ಕೆ ಹೋದರು.

ಅಕ್ಕ ಹಟ್ಟಿಯ ಮುಂದೆ ಒಡೆದ ಕಾಲಿಗೆ ಎಣ್ಣೆ ಸವರುತ್ತಿದ್ದಳು. ಮೇಷ್ಟ್ರು ಕುಳಿತುಕೊಳ್ಳಲೂ ಇಲ್ಲ. "ಅಕ್ಕಾ, ನಾ ಗಡಿಗಿ ಬಗ್ಗೆ ಅಷ್ಟ ಹೇಳಿದ್ದೆ."

ಅವಳು ತಲೆ ಎತ್ತಿದಳು. ಸಿಟ್ಟಿರಲಿಲ್ಲ. "ಗಡಿಗಿಗೆ ಖರೆ ಆಗಿದ್ದು ಮನಷ್ಯಾಗ ಸುಳ್ಳಾಗ್ತದೇನ್ರಿ ಸರ್?"

ಮೇಷ್ಟ್ರು ಅವಳ ಒಡೆದ ಕಾಲುಗಳನ್ನು ನೋಡಿದರು. ಆಮೇಲೆ ಕೇಳಿದರು, "ಇನ್ನ ಎಲ್ಲೆಲ್ಲಿ ನೋಡೋದು ಉಳದದ?"

"ಕೆಳಗಿನ ಕಡಿ. ಕೆನಾಲ ಮುಗಿಯೋತನಕ."

"ನಡೀರಿ, ನಾವೂ ಬರ್ತೀವಿ."

ಅವಳ ಗಂಡನೂ ಹೆಗಲಿಗೆ ಕಂಬಳಿ ಹಾಕಿಕೊಂಡು ಹೊರಟ. ಅಕ್ಕ ಮುಂದೆ, ನಾವು ಹಿಂದೆ. ಪ್ರತಿ ಸೇತುವೆಯ ಕೆಳಗೂ ಇಳಿದು ನೋಡಿದಳು, ಜಾಲಿಕಂಟಿಗಳನ್ನು ಕೋಲಿನಿಂದ ಸರಿಸಿದಳು, ಹೊಲದಲ್ಲಿದ್ದವರನ್ನೆಲ್ಲ ಕೇಳಿದಳು. ಮುಂದೆ ಹೋದಂತೆ ನೀರು ಕವಲೊಡೆಯುತ್ತ, ತೆಳ್ಳಗಾಗುತ್ತ ಬಂತು. ಕೊನೆಗೆ ಒಂದು ಹತ್ತಿ ಹೊಲದ ಬದುವಿನಲ್ಲಿ ಕಾಲುವೆ ಮುಗಿದೇಹೋಯಿತು. ಅಕ್ಕ ಆ ನೀರಿಗೆ ಇಳಿದಳು. ಪಾದ ಮುಳುಗುವಷ್ಟೂ ಇರಲಿಲ್ಲ. ತಳದ ಮರಳು, ಅವಳ ಕಾಲ್ಬೆರಳು, ಎಲ್ಲ ನಿಚ್ಚಳವಾಗಿ ಕಾಣುತ್ತಿತ್ತು. ಬಿಸಿಲು ನೆತ್ತಿಯ ಮೇಲಿತ್ತು.

"ಸರ್," ಎಂದಳು, "ಇದ್ದಿದ್ರ ಇಲ್ಲ್ಯಾದ್ರೂ ಕಾಣಬೇಕಿತ್ತಲ್ರಿ."

ಅಕ್ಕ ಗಂಡನ ಕಡೆ ತಿರುಗಿ, "ಮಾಡ್ರಿ ಇನ್ನ" ಎಂದಳು. ಅವನು ಕಂಬಳಿಯಲ್ಲಿ ಮುಖ ಮುಚ್ಚಿಕೊಂಡು ಅಲ್ಲೇ ಕುಕ್ಕರಿಸಿದ. ಅಲ್ಲಿಯವರೆಗೆ ಅತ್ತಿರಲಿಲ್ಲವಂತೆ ಅವನು. ಆ ವಾರವೇ ತಿಥಿಯಾಯಿತು.

ಅಕ್ಕ ಮತ್ತೆ ತರಗತಿಗೆ ಬಂದಳು, ಪರೀಕ್ಷೆ ಬರೆದಳು, ಪಾಸಾದಳು. ಪ್ರಶ್ನೆ ಮಾತ್ರ ಮತ್ತೆಂದೂ ಕೇಳಲಿಲ್ಲ. ಸಿಕ್ಕ ವಿಷಯ ಅಂತ ಓದುತ್ತಿದ್ದ ನಾನು, ಆಮೇಲೆ ಬೇರೇನನ್ನೂ ಓದಲಾರದವಳಾದೆ. ಈಗ ಯಾದಗಿರಿಯಲ್ಲಿ ಅದನ್ನೇ ಕಲಿಸುತ್ತೇನೆ. ಆ ಪಾಠ ಬಂದಾಗ ಮೇಜನ್ನು ತಟ್ಟಲು ನನಗೆ ಕೈ ಬರುವುದಿಲ್ಲ. ಹಿಂದಿನ ಸಾಲಿನಿಂದ ಯಾರೋ ಏಳುತ್ತಾರೆ ಎಂದು ಕಾಯುತ್ತೇನೆ. ನಾನು ಮುಖವನ್ನೇ ನೋಡಿರದ ಆ ಹುಡುಗ ಎಷ್ಟೋ ಸಲ ಕನಸಿನಲ್ಲಿ ಬರುತ್ತಾನೆ, ಮೈಯೆಲ್ಲ ಒದ್ದೆಯಾಗಿ, ದಾರಿ ಕೇಳಲು ನಿಂತವನಂತೆ.

ಹೋದ ವರ್ಷ ಅಕ್ಕ ಕಾಮಾಲೆಯಿಂದ ತೀರಿಕೊಂಡಳು. ನಾನು ಶಿರವಾಳ ಮುಟ್ಟುವ ಹೊತ್ತಿಗೆ ಅವಳನ್ನು ಕುಣಿಗೆ ಇಳಿಸುತ್ತಿದ್ದರು. ಮಣ್ಣು ಹಾಕುವ ಮೊದಲು ಅವಳ ಗಂಡ ಎಲ್ಲರನ್ನೂ ತಡೆದ. ಬಾಗಿ, ಮುಖದ ಮೇಲಿನ ಬಟ್ಟೆ ಸರಿಸಿ, ಬಹಳ ಹೊತ್ತು ನೋಡಿದ. ಆಮೇಲೆ ನನ್ನ ಪಕ್ಕಕ್ಕೆ ಬಂದು ನಿಂತು ಮೆಲ್ಲಗೆ ಹೇಳಿದ:

"ಇಕೀನ್ನಾದ್ರೂ ಕಣ್ಣಾರ ನೋಡಿ ಕಳಿಸಿದ್ವಿ ನೋಡವ್ವ."