ಕ್ಲಚ್ ಇಲ್ಲದ ಗಾಡಿ, ನಾನು ಓದದೆ ಬಿಟ್ಟ ಸಾಲು

1962ರಲ್ಲಿ ನಾನು ಸಾಗರದ ಹೊರವಲಯದ ಒಂದು ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್ ಆಗಿದ್ದೆ. ಶರಾವತಿಗೆ ಅಣೆಕಟ್ಟು ಏಳುತ್ತಿದ್ದ ಕಾಲ. ಕಲ್ಲು, ಮರಳು, ಸಿಮೆಂಟು ಸಾಗಿಸುತ್ತಿದ್ದ ಒಬ್ಬ ಖಾಸಗಿ ಗುತ್ತಿಗೆದಾರರ ಲಾರಿಗಳನ್ನು ನಾವು ನೋಡಿಕೊಳ್ಳುತ್ತಿದ್ದೆವು. ಅವರನ್ನು ಎಲ್ಲರೂ ಯಜಮಾನರು ಎನ್ನುತ್ತಿದ್ದರು. ನನಗೆ ಇಪ್ಪತ್ತಾರು ವರ್ಷ. ಶಿವಮೊಗ್ಗದಲ್ಲಿ ಕೆಲಸ ಕಲಿತು, ಇಂಗ್ಲಿಷ್ ಓದಬಲ್ಲೆನೆಂಬ ಜಂಬ ಹೊತ್ತು ಬಂದವನು. ಅಲ್ಲಿಂದ ಮುಂದೆ ಮೂವತ್ತು ವರ್ಷ ಬೇರೆ ಬೇರೆ ಕಡೆ ದುಡಿದಿದ್ದೇನೆ, ನೂರಾರು ಗೇರ್‌ಬಾಕ್ಸ್ ರಿಪೇರಿ ಮಾಡಿದ್ದೇನೆ. ಆದರೆ ಯಾರಾದರೂ ನಿಮ್ಮ ಕೆಲಸದ ಕಥೆ ಹೇಳಿ ಎಂದರೆ ನೆನಪಿಗೆ ಬರುವುದು ನಾನು ಕೆಡಿಸಿದ ಒಂದೇ ಒಂದು ಗೇರ್‌ಬಾಕ್ಸ್.

ವರ್ಕ್‌ಶಾಪಿನಲ್ಲಿ ನನ್ನ ಜೊತೆಗಿದ್ದ ಇನ್ನೊಬ್ಬ ಮೆಕ್ಯಾನಿಕ್ ಕೆರಿಯಪ್ಪ. ನನಗಿಂತ ಹದಿನೈದು ವರ್ಷ ದೊಡ್ಡವನು. ಆದರೂ ನಾನು ಅವನನ್ನು ಏಕವಚನದಲ್ಲಿ ಕರೆಯುತ್ತಿದ್ದೆ, ಅವನು ನನ್ನನ್ನು ನೀವು ಎನ್ನುತ್ತಿದ್ದ. ಈಗ ಬರೆಯುವಾಗ ಅವರು ಇವರು ಎಂದು ಮರ್ಯಾದೆ ತುಂಬಿದರೆ ಸುಳ್ಳು ಹೇಳಿದಂತಾಗುತ್ತದೆ. ಅವನು ಲಾರಿ ಕ್ಲೀನರ್ ಆಗಿ ಸೇರಿ, ನೋಡಿ ನೋಡಿಯೇ ಕೆಲಸ ಕಲಿತವನು. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡರೆ ಸಾಕು, ಯಾವ ಬೇರಿಂಗ್ ಹೋಗಿದೆ ಎಂದು ಹೇಳುತ್ತಿದ್ದ. ಹತ್ತರಲ್ಲಿ ಒಂಬತ್ತು ಸಲ ಅವನು ಹೇಳಿದ್ದೇ ನಿಜವಾಗುತ್ತಿತ್ತು. ನಾನು ಅರ್ಧ ದಿನ ತಡಕಾಡಿದ್ದನ್ನು ಅವನು ಬೀಡಿ ಆರುವುದರೊಳಗೆ ಹಿಡಿಯುತ್ತಿದ್ದ. ಅದನ್ನು ನನಗೆ ಸಹಿಸಲಾಗುತ್ತಿರಲಿಲ್ಲ.

ಅವನ ಊರು ಅಣೆಕಟ್ಟಿನ ನೀರಿನಲ್ಲಿ ಮುಳುಗಲಿದ್ದ ಊರುಗಳಲ್ಲಿ ಒಂದು. ಗದ್ದೆ ಗೇಣಿಯದು. ಅದರ ಪರಿಹಾರ ಒಡೆಯರ ಪಾಲಾಗಿ, ಇವನಿಗೆ ಊರು ಬಿಡುವ ನೋಟೀಸು ಮಾತ್ರ ಬಂದಿತ್ತು. ಹೆಂಡತಿ, ಮೂರು ಮಕ್ಕಳು, ಕಣ್ಣು ಕಾಣದ ತಾಯಿ ಇನ್ನೂ ಅಲ್ಲೇ ಇದ್ದರು. ನಮ್ಮ ವರ್ಕ್‌ಶಾಪಿನ ಹಿಂದೆ ಹೆಡ್ ಮೆಕ್ಯಾನಿಕ್‌ಗೆಂದು ಎರಡು ಕೋಣೆಯ ಹೆಂಚಿನ ಮನೆಯೊಂದಿತ್ತು. ಹಳೆಯ ಹೆಡ್ ಮೆಕ್ಯಾನಿಕ್ ಕೆಲಸ ಬಿಟ್ಟು ಹೋದ ಮೇಲೆ ಆ ಮನೆಗೆ ಬೀಗ ಬಿದ್ದಿತ್ತು. ಮಳೆಗಾಲ ಹಿಡಿಯುವ ಮೊದಲು ಹೆಂಡತಿ ಮಕ್ಕಳನ್ನು ಅದರೊಳಗೆ ತಂದು ಸೇರಿಸಬೇಕೆಂಬುದೇ ಕೆರಿಯಪ್ಪನ ಹಂಬಲ. ಮಧ್ಯಾಹ್ನ ಊಟ ಮುಗಿಸಿ ಅವನು ಆ ಮನೆಯ ಜಗುಲಿಯ ಮೇಲೇ ಕೂರುತ್ತಿದ್ದ.

ಆ ಬೇಸಿಗೆಯಲ್ಲಿ ಯಜಮಾನರು ಒಂದು ಅಮೆರಿಕದ ಪಿಕಪ್ ಕೊಂಡರು. ಪರದೇಶದ ಇಂಜಿನಿಯರ್ ಒಬ್ಬರು ಹಿಂದಿರುಗುವಾಗ ಮಾರಿ ಹೋದದ್ದು. ಎಡಗಡೆ ಸ್ಟೀರಿಂಗ್, ಹಿಂದೆ ಸಾಮಾನು ಹೇರಲು ತೆರೆದ ತೊಟ್ಟಿ. ಆದರೆ ಡ್ರೈವರ್ ಕಾಲಡಿಯಲ್ಲಿ ಎರಡೇ ಪೆಡಲ್ಲು. ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್. ಗೇರನ್ನು ಗಾಡಿಯೇ ಬದಲಾಯಿಸಿಕೊಳ್ಳುತ್ತದೆ. ಆ ಕೆಲಸ ಮಾಡಿಸುವುದು ಕೆಂಪು ಬಣ್ಣದ ಒಂದು ತೆಳು ಎಣ್ಣೆ; ಅದರ ಒತ್ತಡದಿಂದಲೇ ಒಳಗಿನ ಪಟ್ಟಿಗಳು ಹಿಡಿಯುತ್ತವೆ, ಬಿಡುತ್ತವೆ. ಎಣ್ಣೆ ಕಡಿಮೆಯಾದರೆ ಪಟ್ಟಿಗಳು ಜಾರಿ ಸುಟ್ಟುಹೋಗುತ್ತವೆ. ಸಾಗರದಲ್ಲಿ ಅಂಥ ಗಾಡಿಯನ್ನು ಯಾರೂ ಕಂಡಿರಲಿಲ್ಲ. ಅದಕ್ಕೆ ಎಲ್ಲರೂ ಇಟ್ಟ ಹೆಸರು ಕ್ಲಚ್ ಇಲ್ಲದ ಗಾಡಿ.

ಗಾಡಿಯ ಎಣ್ಣೆ ಕಪ್ಪಾಗಿತ್ತು. ಬೊಂಬಾಯಿಯಿಂದ ಹೊಸ ಎಣ್ಣೆಯ ಡಬ್ಬಿಗಳು ಬಂದವು. ಯಜಮಾನರು ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡು, ಗಾಡಿಯ ಜೊತೆ ಬಂದಿದ್ದ ಇಂಗ್ಲಿಷ್ ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. ನಾನು ಓದಿ ಹೇಳಬೇಕು, ಕೆರಿಯಪ್ಪ ಮಾಡಬೇಕು. ಕೆಲಸ ಸರಿಹೋದರೆ ಕೆರಿಯಪ್ಪನೇ ಹೆಡ್ ಮೆಕ್ಯಾನಿಕ್ ಎಂದರು. ನನ್ನ ಎದುರಿಗೇ ಹೇಳಿದರು. ಅವತ್ತು ನನಗೆ ಅನ್ನ ಸೇರಲಿಲ್ಲ.

ನಮ್ಮ ಕಸುಬಿನಲ್ಲಿ ಒಂದು ರೂಢಿಯಿತ್ತು. ಮೇಸ್ತ್ರಿಯಾದವನು ಶಿಷ್ಯನಿಗೆ ಎಲ್ಲವನ್ನೂ ಹೇಳಿಕೊಡುತ್ತಾನೆ, ಕೊನೆಯ ಒಂದು ಮಾತನ್ನು ಬಿಟ್ಟು. ಶಿವಮೊಗ್ಗದ ನನ್ನ ಮೇಸ್ತ್ರಿ ಇಂಜಿನ್ನಿಗೆ ಟೈಮಿಂಗ್ ಕೂರಿಸುವ ಹೊತ್ತಿಗೆ ಸರಿಯಾಗಿ ನನ್ನನ್ನು ಬೀಡಿ ತರಲು ಕಳಿಸುತ್ತಿದ್ದರು. ಅದನ್ನು ಯಾರೂ ಮೋಸ ಎನ್ನುತ್ತಿರಲಿಲ್ಲ. ಹೊಟ್ಟೆಪಾಡು ಎನ್ನುತ್ತಿದ್ದರು. ನಾನೂ ಹಾಗೆಂದೇ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಮರುದಿನ ಬೆಳಿಗ್ಗೆ ಕೆಲಸ ಶುರುವಾಯಿತು. ನಾನು ಸ್ಟೂಲಿನ ಮೇಲೆ ಕೂತು ಒಂದೊಂದು ಸಾಲನ್ನೂ ಕನ್ನಡದಲ್ಲಿ ಹೇಳುತ್ತಿದ್ದೆ, ಕೆರಿಯಪ್ಪ ಗಾಡಿಯಡಿ ಮಲಗಿ ಮಾಡುತ್ತಿದ್ದ. ಹಳೆಯ ಎಣ್ಣೆ ಇಳಿಸಿದ, ಕೆಳಗಿನ ತಟ್ಟೆ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದ, ಒಣಗಿಸಿದ, ಹೊಸ ಗ್ಯಾಸ್ಕೆಟ್ ಕೂರಿಸಿ ಬೋಲ್ಟುಗಳನ್ನು ಎದುರುಬದುರಾಗಿ ಬಿಗಿದ. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ನಾನು ಆಮೇಲೂ ಹೆಚ್ಚು ಕಂಡಿಲ್ಲ. ಎಣ್ಣೆ ಹಾಕಿ, ಇಂಜಿನ್ ಸ್ವಲ್ಪ ಹೊತ್ತು ಓಡಿಸಿಯಾಯಿತು. ಉಳಿದದ್ದು ಮಟ್ಟ ನೋಡುವುದು.

ಎಲ್ಲ ಇಂಜಿನ್ನಿನಲ್ಲೂ ಎಣ್ಣೆಯ ಮಟ್ಟ ನೋಡುವುದು ಇಂಜಿನ್ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು. ಕೆರಿಯಪ್ಪ ಇಪ್ಪತ್ತು ವರ್ಷ ಮಾಡಿದ್ದೂ ಅದನ್ನೇ. ಆದರೆ ಈ ಗೇರ್‌ಬಾಕ್ಸಿನ ರೀತಿ ಬೇರೆ. ಎಣ್ಣೆ ಬಿಸಿಯಾಗಿರಬೇಕು, ಲಿವರ್ ಗಾಡಿ ನಿಲ್ಲಿಸಿಡುವ ಪಾರ್ಕ್ ಗುರುತಿನಲ್ಲಿರಬೇಕು, ಇಂಜಿನ್ ಓಡುತ್ತಲೇ ಇರಬೇಕು, ಆಗ ಅಳತೆಕಡ್ಡಿ ತೆಗೆದು ನೋಡಬೇಕು. ನಿಲ್ಲಿಸಿದರೆ ಮೇಲಿನ ಎಣ್ಣೆಯೆಲ್ಲ ಕೆಳಗಿಳಿದು ಮಟ್ಟ ಹೆಚ್ಚು ಕಾಣುತ್ತದೆ. ಪುಸ್ತಕದಲ್ಲಿ ಅದು ದಪ್ಪ ಅಕ್ಷರದಲ್ಲಿ, ಒಂದೇ ಸಾಲಿನಲ್ಲಿ ಇತ್ತು. ಆ ಸಾಲಿನ ಮೇಲೆ ನನ್ನ ಹೆಬ್ಬೆರಳಿತ್ತು.

ನಾನು ಆ ಸಾಲನ್ನು ಓದಲಿಲ್ಲ. ಪುಸ್ತಕ ಮುಚ್ಚಿದೆ.

ಕೆರಿಯಪ್ಪ ಇಂಜಿನ್ ನಿಲ್ಲಿಸಿ, ಕೈ ಒರೆಸಿಕೊಂಡು, ಹತ್ತು ನಿಮಿಷ ಕಾದು ಕಡ್ಡಿ ತೆಗೆದ. ಎಣ್ಣೆ ಗುರುತಿಗಿಂತ ಎರಡು ಬೆರಳು ಮೇಲಿತ್ತು. ಅವನಿಗೆ ಏನೋ ಅನುಮಾನ ಬಂತು. ಹಾಕಿದ ಡಬ್ಬಿಗಳನ್ನು ಇನ್ನೊಮ್ಮೆ ನೋಡಿದ. ಆಮೇಲೆ ನನ್ನ ಕಡೆ ತಿರುಗಿದ.

"ಜಾಸ್ತಿ ಆಗದೆ ಅನ್ಸ್ತದೆ. ಒಂದೆರಡು ಡಬ್ಬಿ ತೆಗೀಲಾ? ಪುಸ್ತಕದಾಗೆ ಎಂತ ಬರ್ದದೆ?"

"ಅದರಲ್ಲೇನೂ ಇಲ್ಲ. ನಿಂಗೆ ಹೆಂಗೆ ಸರಿ ಕಾಣ್ತದೋ ಹಂಗೆ ಮಾಡು."

ಅವನು ಎರಡು ಡಬ್ಬಿ ಎಣ್ಣೆ ಹೊರತೆಗೆದ.

ಎರಡು ದಿನ ಗಾಡಿ ಸಾಗರದೊಳಗೇ ಓಡಾಡಿತು, ಏನೂ ಆಗಲಿಲ್ಲ. ಮೂರನೇ ದಿನ ಯಜಮಾನರು ತೀರ್ಥಹಳ್ಳಿಗೆ ಹೊರಟರು. ಹೊಸನಗರ ದಾಟಿ ಮುಂದೆ ಒಂದು ಏರಿನಲ್ಲಿ ಇಂಜಿನ್ ಬೊಬ್ಬಿರಿಯತೊಡಗಿತು, ಚಕ್ರ ತಿರುಗಲಿಲ್ಲ. ಅಡಿಯಿಂದ ಹೊಗೆ ಎದ್ದಿತು. ಬಿಸಿಲಿನಲ್ಲಿ ಮೂರು ಗಂಟೆ ಕಾದು, ಕೊನೆಗೆ ಒಂದು ಕಟ್ಟಿಗೆ ಲಾರಿಗೆ ಗಾಡಿಯನ್ನು ಕಟ್ಟಿ ಎಳೆಸಿಕೊಂಡು ಅವರು ವರ್ಕ್‌ಶಾಪಿಗೆ ಹಿಂದಿರುಗಿದರು.

ಅಂದು ಸಂತೆಯ ದಿನ. ಯಜಮಾನರು ಕೂಗಾಡಲಿಲ್ಲ. ಸುಟ್ಟು ಕರಕಾದ ಎಣ್ಣೆಯನ್ನು ತಟ್ಟೆಗೆ ತೆಗೆಸಿ, ಕೆರಿಯಪ್ಪನಿಗೆ ಅದನ್ನು ಮೂಗಿನ ಹತ್ತಿರ ಹಿಡಿದುಕೊಂಡು ನಿಲ್ಲಲು ಹೇಳಿದರು. ಎಲ್ಲ ಕೆಲಸಗಾರರೂ ಬಂದು ನೋಡುವವರೆಗೆ ಅವನು ಹಾಗೇ ನಿಂತಿದ್ದ. ತಟ್ಟೆ ವಾಲಿ ಎಣ್ಣೆ ಎದೆಯ ಮೇಲೆ ಸುರಿದು ಅಂಗಿಯೊಳಗೆ ಇಳಿಯಿತು. ಪುಸ್ತಕದಲ್ಲಿದ್ದದ್ದನ್ನೆಲ್ಲ ಹೇಳಿದ್ದೆಯಾ ಎಂದು ಯಜಮಾನರು ನನ್ನನ್ನು ಕೇಳಿದರು. ಎಲ್ಲ ಹೇಳಿದ್ದೆ ಎಂದೆ. ಹೌದು, ಎಲ್ಲ ಹೇಳಿದ್ದರು ಎಂದು ಕೆರಿಯಪ್ಪನೂ ಸಾಕ್ಷಿ ನುಡಿದ.

"ಅಂಗಿ ಕಂಪ್ನಿದು," ಎಂದರು ಯಜಮಾನರು. "ಬಿಚ್ಚಿಟ್ಟು ಹೋಗು."

ಕೆರಿಯಪ್ಪ ಖಾಕಿ ಅಂಗಿಯನ್ನು ಬಿಚ್ಚಿ, ಮಡಿಸಿ, ಬೆಂಚಿನ ಮೇಲಿಟ್ಟ. ಎಣ್ಣೆ ಮೆತ್ತಿದ ಬರಿಮೈಯಲ್ಲಿ ಸಂತೆಯ ಜನರ ನಡುವೆ ನಡೆದುಹೋದ. ಕರಡಿ ಬಂತು ಕರಡಿ ಎಂದು ಯಾರೋ ಕೂಗಿದರು. ವರ್ಕ್‌ಶಾಪಿನ ಬಾಗಿಲಲ್ಲಿ ನಿಂತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆ ನಗು ನೆನಪಾದರೆ ಈ ವಯಸ್ಸಿನಲ್ಲೂ ನನಗೆ ನನ್ನ ಮುಖದ ಮೇಲೆ ಹೇಸಿಗೆಯಾಗುತ್ತದೆ.

ಹದಿನೈದು ದಿನಕ್ಕೆ ನಾನು ಹೆಡ್ ಮೆಕ್ಯಾನಿಕ್ ಆದೆ. ಎರಡು ಕೋಣೆಯ ಮನೆಗೆ ಒಂದು ಟ್ರಂಕು, ಒಂದು ಚಾಪೆ ತೆಗೆದುಕೊಂಡು ಒಬ್ಬನೇ ಹೋದೆ. ಒಂದು ಕೋಣೆಯ ಬಾಗಿಲನ್ನು ತೆಗೆಯಲೇ ಇಲ್ಲ, ಅದರಲ್ಲಿಡಲು ನನ್ನ ಬಳಿ ಏನೂ ಇರಲಿಲ್ಲ. ಮಳೆಗಾಲ ಹಿಡಿಯಿತು. ಕೆರಿಯಪ್ಪನ ಊರು ಖಾಲಿಯಾಯಿತೆಂದು ಕೇಳಿದೆ. ಎಲ್ಲಿಗೆ ಹೋದರೆಂದು ನಾನು ವಿಚಾರಿಸಲಿಲ್ಲ.

ಗೇರ್‌ಬಾಕ್ಸಿನ ಸಾಮಾನು ಬೊಂಬಾಯಿಯಿಂದ ಬರುವಾಗ ದೀಪಾವಳಿ ಕಳೆದಿತ್ತು. ನಾನೇ ಜೋಡಿಸಿದೆ, ನಾನೇ ಎಣ್ಣೆ ಹಾಕಿದೆ. ಯಜಮಾನರು ಬೆನ್ನು ತಟ್ಟಿದರು. ಪರೀಕ್ಷೆಗೆಂದು ಗಾಡಿಯನ್ನು ತೀರ್ಥಹಳ್ಳಿಯ ಕಡೆಗೆ ಒಬ್ಬನೇ ಓಡಿಸಿದೆ. ಹೊಸನಗರ ದಾಟಿ ಅದೇ ಏರನ್ನು ಹತ್ತಿಸಿ, ಮೇಲೆ ಸಮತಟ್ಟಿನಲ್ಲಿ ನಿಲ್ಲಿಸಿ, ಲಿವರನ್ನು ಪಾರ್ಕಿಗೆ ಹಾಕಿ, ಇಂಜಿನ್ ಓಡುತ್ತಿರುವಂತೆಯೇ ಕಡ್ಡಿ ಎಳೆದು ನೋಡುತ್ತಿದ್ದೆ. ರಸ್ತೆಗೆ ಜಲ್ಲಿ ಒಡೆಯುತ್ತಿದ್ದ ಗುಂಪಿನಿಂದ ಒಬ್ಬ ಎದ್ದು ಬಂದ. ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡಿದ್ದ. ಗಡ್ಡ ಬಂದಿತ್ತು. ಹಿಂದೆ ಅವನ ಹೆಂಡತಿ ಸುತ್ತಿಗೆ ಹಿಡಿದು ಕೂತಿದ್ದಳು, ಮಕ್ಕಳು ಬುಟ್ಟಿ ತುಂಬುತ್ತಿದ್ದರು. ಸೋಗೆಯ ಮಾಡಿನಡಿ ಮುದುಕಿಯೊಬ್ಬಳು ಮಲಗಿದ್ದಳು.

ಕೆರಿಯಪ್ಪ ನನ್ನ ಮುಖ ನೋಡಲಿಲ್ಲ, ಕಡ್ಡಿ ನೋಡಿದ. ಆಮೇಲೆ ಓಡುತ್ತಿದ್ದ ಇಂಜಿನ್ ನೋಡಿದ.

"ಓಡ್ತಾ ಇರ್ಬೇಕಾರೆ ನೋಡೋದಾ ಅದನ್ನ?"

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ನಾನು ಹೇಳಿದ್ದು, "ಹೌದು. ಈಗ ಸಾಮಾನಿನ ಜೊತೆ ಬೊಂಬಾಯಿಯವರು ಬರೆದು ಕಳಿಸಿದ್ರು."

ಅವನ ಮುಖ ಸಡಿಲವಾಯಿತು. ಅವನು ನನ್ನನ್ನು ನಂಬಿಬಿಟ್ಟ.

"ಪುಸ್ತಕದಾಗೆ ಇರ್ಲಿಲ್ಲ ಹಂಗಾರೆ. ನೀವು ಹೇಳಿದ್ದನ್ನ ನಾನೇ ಎಲ್ಲೋ ಕೇಳಿಸ್ಕಳ್ಳದೆ ಬಿಟ್ಟೆ ಅಂತ ಇಷ್ಟು ದಿನ ತಲೆ ಕೆಡಿಸ್ಕಂಡಿದ್ದೆ. ಮನೇಲೂ ಅದನ್ನೇ ಹೇಳಿದ್ದೆ, ನನ್ನ ಕಿವಿದೇ ತಪ್ಪು ಅಂತ."

ಮೂರು ಮೈಲಿ ದೂರದ ಲಾರಿಯ ಸದ್ದು ಕೇಳಿ ಡ್ರೈವರ್ ಯಾರೆಂದು ಹೇಳುತ್ತಿದ್ದವನು ಅವನು. ನಾನು ಕಡ್ಡಿಯನ್ನು ಒರೆಸುತ್ತಲೇ ಇದ್ದೆ. ಸೀಟಿನ ಮೇಲಿದ್ದ ಪುಸ್ತಕ ಅವನ ಕಣ್ಣಿಗೆ ಬಿತ್ತು.

"ಅದ್ರಾಗೆ ಈಗ್ಲೇ ಬರ್ದಿಡಿ. ನಾಳೆ ಇನ್ನೊಬ್ಬ ಬಡವ ಈ ಕೆಲಸಕ್ಕೆ ಕೈ ಹಾಕ್ತಾನೆ. ಅವಂಗೆ ಹಿಂಗಾಗ್ಬಾರ್ದು."

ನಾನು ಪುಸ್ತಕ ತೆರೆದು, ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು, ಆ ದಪ್ಪ ಅಕ್ಷರದ ಇಂಗ್ಲಿಷ್ ಸಾಲಿನ ಪಕ್ಕದಲ್ಲೇ ಅದೇ ಮಾತನ್ನು ಕನ್ನಡದಲ್ಲಿ ಬರೆದೆ. ಅವನು ಬಗ್ಗಿ ನೋಡುತ್ತಿದ್ದ. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.

ಆಮೇಲಿನ ವರ್ಷಗಳಲ್ಲಿ ನನ್ನ ಕೈಕೆಳಗೆ ಬಹಳ ಜನ ಕೆಲಸ ಕಲಿತರು. ಮೇಸ್ತ್ರಿಗಳು ಬಚ್ಚಿಡುವ ಕೊನೆಯ ಮಾತನ್ನೇ ನಾನು ಮೊದಲು ಹೇಳಿಕೊಡುತ್ತಿದ್ದೆ. ಒಳ್ಳೆಯ ಗುರು ಎಂದು ಹೆಸರೂ ಬಂತು. ಕಸುಬು ನನಗೆ ಕಲಿಸಿದ ಪಾಠ ಅದು. ಆದರೆ ಅದಕ್ಕೆ ಬೆಲೆ ತೆತ್ತವನು ನಾನಲ್ಲ. ಆ ಪುಸ್ತಕ ಈಗಲೂ ನನ್ನ ಹತ್ತಿರವಿದೆ. ಅಚ್ಚಿನ ಸಾಲೂ ಇದೆ, ಪೆನ್ಸಿಲ್ಲಿನ ಸಾಲೂ ಮಸುಕಾಗಿ ಇದೆ.

"ಬರದ್ರಾ?" ಎಂದು ಕೇಳಿದ್ದ ಕೆರಿಯಪ್ಪ.

"ಬರೆದೆ," ಎಂದಿದ್ದೆ. ಆ ಗಾಡಿಯ ವಿಷಯದಲ್ಲಿ ಅವನ ಮುಂದೆ ನಾನು ಆಡಿದ ಕೊನೆಯ ಮಾತು ಅದು, ಆ ದಿನ ಆಡಿದ್ದರಲ್ಲಿ ನಿಜ ಎನ್ನಬಹುದಾದದ್ದೂ ಅದೊಂದೇ. ಅವನು ಸಮಾಧಾನದಿಂದ ತಲೆಯಾಡಿಸಿ, ಹೋಗಿ ಜಲ್ಲಿ ಒಡೆಯಲು ಕೂತ.